ಊರಲ್ಲಿ ಉಳಿದವರು

ಅಜ್ಜ-ಅಜ್ಜಿಯರ ಹಾಗೂ ಹಿರಿಯರ ವಿಶ್ವ ದಿನ ನಮ್ಮ ಧರ್ಮಕೇಂದ್ರಗಳಿಗೆ ಇನ್ನೂ ಹೊಸ ಆಚರಣೆ. ದಿವಂಗತ ಜಗದ್ಗುರು ಫ್ರಾನ್ಸಿಸ್‌ರವರು 2021ರ ಜನವರಿ 31ರಂದು ಇದನ್ನು ಘೋಷಿಸಿದರು. ಅದೇ ವರ್ಷದ ಜುಲೈ 25ರಂದು ಮೊದಲ ಆಚರಣೆ ನಡೆಯಿತು. ಯೇಸುಸ್ವಾಮಿಯ ಅಜ್ಜ-ಅಜ್ಜಿಯರೆಂದು ಧರ್ಮಸಭೆ ಗೌರವಿಸುವ ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರ ಹಬ್ಬ ಜುಲೈ 26ರಂದು ಬರುತ್ತದೆ. ಆದುದರಿಂದಲೇ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಇದಕ್ಕಾಗಿ ಆರಿಸಲಾಯಿತು.

ನಾಲ್ಕು ಶುಭಸಂದೇಶಗಳಲ್ಲಿ ಈ ದಂಪತಿಗಳ ಹೆಸರಿಲ್ಲ. ಯಾಕೋಬನ ಹೆಸರಿನಲ್ಲಿರುವ ಎರಡನೆಯ ಶತಮಾನದ ಗ್ರಂಥವೊಂದರಿಂದ ಆ ಹೆಸರುಗಳು ನಮಗೆ ಬಂದಿವೆ. ಹೊಸ ಒಡಂಬಡಿಕೆಯಲ್ಲಿ ಅಜ್ಜಿ ಎಂಬ ಪದ ಕಾಣಿಸುವುದು ಒಂದೇ ಕಡೆ. ತಿಮೊಥೇಯನಿಗೆ ಬರೆದ ಎರಡನೆಯ ಪತ್ರದಲ್ಲಿ, ಲೋಯಿ ಎಂಬಾಕೆಯ ವಿಶ್ವಾಸವನ್ನು ನೆನೆಯುವಾಗ. ತಿಮೊಥೇಯನ ತಂದೆ ಗ್ರೀಕನು. ಹುಡುಗನಿಗೆ ವಿಶ್ವಾಸವನ್ನು ಉಣಿಸಿದವರು ಅಜ್ಜಿ ಮತ್ತು ತಾಯಿ.

ಇಂಥ ಲೋಯಿಯರನ್ನು ನಾನು ಸಿಂಧನೂರಿನಿಂದ ಮಸ್ಕಿಯ ಮೇಲೆ ಲಿಂಗಸುಗೂರಿಗೆ ಹೋಗುವ ದಾರಿಯ ಹಳ್ಳಿಗಳಲ್ಲಿ ಕಾಣುತ್ತ ಬಂದಿದ್ದೇನೆ. ಸಿಂಧನೂರಿನ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿದೆ, ಭತ್ತವಿದೆ. ಕಾಲುವೆಯ ಕೊನೆಭಾಗದವರಿಗೆ ಮಾತ್ರ ನೀರು ಬಂದಾಗ ಬಂತು. ಮಸ್ಕಿ, ಲಿಂಗಸುಗೂರಿನ ಒಣಭೂಮಿಯಲ್ಲಿ ತೊಗರಿ, ಸಜ್ಜೆ, ಜೋಳಗಳೆಲ್ಲ ಮಳೆಯ ಕೃಪೆ. ಮಳೆ ಕೈಕೊಟ್ಟರೆ ಗಂಡ ಹೆಂಡತಿ ಇಬ್ಬರೂ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತಾರೆ. ಮಕ್ಕಳ ಶಾಲೆ ತಪ್ಪಬಾರದೆಂದು ಅವರನ್ನು ಊರಲ್ಲೇ ಬಿಡುತ್ತಾರೆ. ಯಾರ ಬಳಿ? ಕೆಲವರು ತಾತ ಎನ್ನುತ್ತಾರೆ, ಕೆಲವರು ಮುತ್ಯಾ, ಕೆಲವರು ಆಯಿ. ಎಪ್ಪತ್ತರ ಹರೆಯದಲ್ಲಿ ಎರಡನೆಯ ಬಾರಿ ತಾಯ್ತನ ಆರಂಭವಾಗುತ್ತದೆ.

ಒಂದು ವರ್ಷ ಈ ಭಾನುವಾರದ ಬಲಿಪೂಜೆಯ ನಂತರ ಹಿರಿಯರಿಗೆಲ್ಲ ಶಾಲು ಹೊದಿಸಿ ಹಣ್ಣು ಕೊಟ್ಟರು. ಮಾತೂ ಚೆನ್ನಾಗಿತ್ತು. ಮೂರು ಮೊಮ್ಮಕ್ಕಳೊಂದಿಗೆ ಬಂದಿದ್ದ ಆಯಿಯೊಬ್ಬರು ಮರುದಿನ ರೇಷನ್ ಅಂಗಡಿಗೆ ಜೊತೆ ಬರುವಂತೆ ನನ್ನನ್ನು ಕೇಳಿಕೊಂಡರು. ಹೋದೆ. ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿದರು, ಒರೆಸಿ ಮತ್ತೆ ಒತ್ತಿದರು, ಗುರುತು ಹತ್ತಲಿಲ್ಲ. ಮೊಬೈಲಿಗೆ ಬರುವ ಸಂಖ್ಯೆ ಹೇಳಿದರೆ ಆಗುತ್ತದೆ ಎಂದು ಅಂಗಡಿಯವನೇ ದಾರಿ ತೋರಿಸಿದ. ಆ ಮೊಬೈಲು ಬೆಂಗಳೂರಿನಲ್ಲಿ ಮಗನ ಜೇಬಿನಲ್ಲಿತ್ತು. ಕೆಲಸದ ಹೊತ್ತಿನಲ್ಲಿ ಅವನು ಎತ್ತಲಿಲ್ಲ.

“ಕಳೆ ತಗದು ತಗದು ಬಟ್ಟು ಸವದಾವ ತಮ್ಮಾ. ನಾ ಯಾರಂತ ಮಿಷನ್ನಿಗೆ ಗೊತ್ತಾಗವಲ್ದು” ಎಂದು ಆಯಿ ನಕ್ಕರು. ನನಗೆ ನಗು ಬರಲಿಲ್ಲ. ಆ ದಿನ ಖಾಲಿ ಚೀಲದೊಂದಿಗೆ ಹಿಂದಿರುಗಿದೆವು.

ಹಿರಿಯರಿಗಾಗಿ ಕಾನೂನು ಇಲ್ಲವೆಂದಲ್ಲ. 2007ರಲ್ಲಿ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆಯ ಕಾಯ್ದೆ ಬಂತು. ನೋಡಿಕೊಳ್ಳದ ಮಕ್ಕಳ ಮೇಲೆ, ಪ್ರಾಯಕ್ಕೆ ಬಂದ ಮೊಮ್ಮಕ್ಕಳ ಮೇಲೂ, ಉಪವಿಭಾಗದ ನ್ಯಾಯಮಂಡಳಿಗೆ ದೂರು ಕೊಡಬಹುದು. ನಮ್ಮ ಭಾಗದವರಿಗೆ ಅದು ಲಿಂಗಸುಗೂರಿನ ಸಹಾಯಕ ಆಯುಕ್ತರ ಕಚೇರಿ. ಅದೇ ವರ್ಷ ರಾಜ್ಯದಲ್ಲಿ ಸಂಧ್ಯಾ ಸುರಕ್ಷಾ ಯೋಜನೆಯೂ ಆರಂಭವಾಯಿತು. 65 ದಾಟಿದ ಬಡವರಿಗೆ ಕೊಡುವ ಆ ವೇತನ 2021ರಲ್ಲಿ ತಿಂಗಳಿಗೆ 1,200 ರೂಪಾಯಿಗೆ ಏರಿತು. ಇವು ಬೇಕಾದವುಗಳೇ. ಆದರೆ ಈ ಆಯಿ ಯಾರ ಮೇಲೆ ದೂರು ಕೊಡಬೇಕು? ಮಗ ಕೆಟ್ಟವನಲ್ಲ, ಕೈಲಾದಷ್ಟು ಹಣ ಕಳಿಸುತ್ತಾನೆ. ನಾವು ಹಿರಿಯರನ್ನು ಪಡೆಯುವವರೆಂದೇ ಎಣಿಸಿ ಶಾಲು ಹೊದಿಸುತ್ತೇವೆ. ಇಲ್ಲಿ ಕೊಡುತ್ತಿರುವವರೇ ಅವರು. ಅವರ ಬೆನ್ನಿಗೆ ಶಾಲಿಗಿಂತ ಮೊದಲು, ಹೊತ್ತ ಹೊರೆಗೆ ಇನ್ನೊಂದು ಹೆಗಲು ಬೇಕಾಗಿದೆ.

ಮಸ್ಕಿಯ ಬಂಡೆಯ ಮೇಲೆ 1915ರಲ್ಲಿ ಬೆಳಕಿಗೆ ಬಂದ ಶಾಸನ ಅಶೋಕನ ಹೆಸರನ್ನು ಹೇಳಿ ಪ್ರಸಿದ್ಧವಾಯಿತು. ತಾಯಿತಂದೆಯರಿಗೆ, ಹಿರಿಯರಿಗೆ ವಿಧೇಯರಾಗಿರಬೇಕೆಂಬ ಅವನ ಮಾತು ಇರುವುದು ಮಾತ್ರ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ. ನಮ್ಮ ಬಂಡೆಯಲ್ಲಿ ಅದಿಲ್ಲವೆಂಬುದು ನನಗೊಂದು ಸಣ್ಣ ಕೊರಗು.

ಆಮೇಲೆ ನಮ್ಮ ಯುವಕರಲ್ಲಿ ಇಬ್ಬರು ರೇಷನ್ ಕೊಡುವ ದಿನಗಳಲ್ಲಿ ಇಂಥ ಮನೆಗಳಿಗೆ ಹೋಗತೊಡಗಿದರು. ಮಗನಿಗೆ ಮೊದಲೇ ಕರೆಮಾಡಿ, ಊಟದ ಬಿಡುವಿನಲ್ಲಿ ಸಂಖ್ಯೆ ಪಡೆಯುತ್ತಾರೆ. ಆಯಿಯ ಚೀಲ ಈಗ ತುಂಬಿ ಬರುತ್ತದೆ. ಶಾಲೆಯ ಅರ್ಜಿ, ಮಗುವಿನ ಜ್ವರ ಇವೆಲ್ಲ ಹಾಗೆಯೇ ಇವೆ.

ಭಾನುವಾರ ಸಂಜೆ ಬೆಂಗಳೂರಿನಿಂದ ಸೊಸೆಯ ಕರೆ ಬರುತ್ತದೆ. ಕಿರಿಯ ಮಗುವಿಗೆ ಆ ದನಿಯ ಗುರುತು ಸಾಲದು. ಮಾತಾಡದೆ ಆಯಿಯ ಸೆರಗಿನಲ್ಲಿ ಮುಖ ಹುದುಗಿಸುತ್ತದೆ. ಆಯಿ ಅದನ್ನು ಬಿಡಿಸಿ, ಕಿವಿಗೆ ಮೊಬೈಲು ಹಿಡಿದು, “ನಿಮ್ಮವ್ವ ಐತಿ ಮಾತಾಡು, ಅವ್ವಾ ಅನ್ನು” ಎಂದು ಹೇಳಿಕೊಡುತ್ತಾರೆ.