ನಗುವುದಾದರೆ ಯಾರನ್ನು ನೋಡಿ?

ಕ್ಯಾಬರೆ ಎಂದರೆ ನಮ್ಮಲ್ಲಿ ಹಲವರಿಗೆ ಹಳೆಯ ಸಿನಿಮಾಗಳ ಕುಣಿತ ನೆನಪಾಗುತ್ತದೆ. ನನಗೂ ಹಾಗೆಯೇ ಇತ್ತು. ಆದರೆ ಜರ್ಮನಿಯಲ್ಲಿ ಈ ಪದಕ್ಕೆ ಇನ್ನೊಂದು ಅರ್ಥವಿದೆ. ಸಣ್ಣದೊಂದು ವೇದಿಕೆ, ಒಂದು ಪಿಯಾನೊ, ಕೆಲವು ನಟರು. ಹಾಡು ಮತ್ತು ಕಿರು ಪ್ರಹಸನಗಳಲ್ಲಿ ಆಳುವವರನ್ನು ಗೇಲಿ ಮಾಡುವ ರಂಗಭೂಮಿ ಅದು. ಇತಿಹಾಸದ ತರಗತಿಯಲ್ಲಿ ಹಿಟ್ಲರನ ಬಗ್ಗೆ ಕೇಳಿದ ಮೇಲೆ, ಅವನನ್ನು ನೋಡಿ ನಗುವ ಧೈರ್ಯ ಯಾರಿಗೂ ಇರಲಿಲ್ಲವೇ ಎಂದು ಹುಡುಕಿದೆ. ಆಗ ಸಿಕ್ಕಿದ್ದು ‘ಫೆಫರ್‌ಮ್ಯೂಲೆ’. ಕನ್ನಡದಲ್ಲಿ ಹೇಳುವುದಾದರೆ ಕಾಳುಮೆಣಸು ಪುಡಿ ಮಾಡುವ ಗಿರಣಿ.

1933ರ ಜನವರಿ 1ರಂದು ಮ್ಯೂನಿಕ್ ನಗರದಲ್ಲಿ ಇದು ಆರಂಭವಾಯಿತು. ಕಟ್ಟಿದವರು ಎರಿಕಾ ಮಾನ್. ಹೆಸರು ಸೂಚಿಸಿದವರು ಅವರ ತಂದೆ, ನೊಬೆಲ್ ಪುರಸ್ಕೃತ ಸಾಹಿತಿ ಥಾಮಸ್ ಮಾನ್. ತಮ್ಮ ಕ್ಲಾಸ್ ಮಾನ್, ನಟಿ ಥೆರೇಸೆ ಗೀಸೆ, ಪಿಯಾನೊ ವಾದಕ ಮಾಗ್ನುಸ್ ಹೆನ್ನಿಂಗ್ ಜೊತೆಗಿದ್ದರು. ಹಿಟ್ಲರ್ ಭಾಷಣ ಮಾಡಿದ್ದ ಹೋಫ್‌ಬ್ರಾಯ್‌ಹೌಸ್ ಅಲ್ಲೇ ಹತ್ತಿರದಲ್ಲಿತ್ತು. ಅದೇ ಜನವರಿ 30ಕ್ಕೆ ಅವನು ಜರ್ಮನಿಯ ಚಾನ್ಸಲರ್ ಆದ. ಮಾರ್ಚ್‌ನಲ್ಲಿ ಮ್ಯೂನಿಕ್ ಕೂಡ ನಾಜಿಗಳ ಕೈಗೆ ಹೋದಾಗ ಎರಿಕಾ ದೇಶ ಬಿಟ್ಟರು. ಯೆಹೂದಿಯಾದ ಗೀಸೆಗಂತೂ ಅಲ್ಲಿ ಉಳಿಯುವಂತೆಯೇ ಇರಲಿಲ್ಲ.

ಆದರೂ ಗಿರಣಿ ನಿಲ್ಲಲಿಲ್ಲ. ಅದೇ ವರ್ಷ ಸ್ವಿಟ್ಜರ್ಲೆಂಡಿನ ಝೂರಿಕ್‌ನಲ್ಲಿ ಮತ್ತೆ ಶುರುವಾಯಿತು. ಪರದೇಶದಲ್ಲಿ ಆಶ್ರಯ ಪಡೆದವರು ರಾಜಕೀಯ ಮಾತಾಡಿದರೆ ಅಪಾಯ. ಅದಕ್ಕೆ ಅವರು ಕಂಡುಕೊಂಡ ಉಪಾಯ ನನಗೆ ಬಹಳ ಹಿಡಿಸಿತು. ಅವರು ಯಾರ ಹೆಸರನ್ನೂ ಎತ್ತುತ್ತಿರಲಿಲ್ಲ. ಬದಲಿಗೆ ಅಜ್ಜಿಕಥೆಗಳ ಹಾಗೆ ಕಥೆ ಹೇಳುತ್ತಿದ್ದರು. ಒಂದರಲ್ಲಿ ಎರಿಕಾ ‘ಸುಳ್ಳುನಾಡಿನ ರಾಜಕುಮಾರ’ನಾಗಿ ಬಂದು ತನ್ನ ಸುಳ್ಳುಗಳನ್ನು ತಾನೇ ಹೊಗಳಿಕೊಳ್ಳುತ್ತಾರೆ. ಇನ್ನೊಂದರಲ್ಲಿ ಗೀಸೆ ‘ದಡ್ಡತನ’ವೇ ಆಗಿ ವೇದಿಕೆಗೆ ಬರುತ್ತಾರೆ. ಅದು ಯಾರು ಎಂದು ಪ್ರೇಕ್ಷಕರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಗುರಿ ತಪ್ಪಲಿಲ್ಲ ಎನ್ನುವುದು ವಿರೋಧಿಗಳಿಂದಲೇ ತಿಳಿಯುತ್ತದೆ. 1934ರ ನವೆಂಬರ್‌ನಲ್ಲಿ ಸ್ವಿಸ್ ನಾಜಿ ಪಕ್ಷಪಾತಿಗಳು ಪ್ರದರ್ಶನಕ್ಕೆ ನುಗ್ಗಿ ಗಲಭೆ ಎಬ್ಬಿಸಿದರು. ಪೊಲೀಸ್ ಕಾವಲು ಬೇಕಾಯಿತು. 1935ರಲ್ಲಿ ಜರ್ಮನಿ ಎರಿಕಾ ಅವರ ಪೌರತ್ವವನ್ನೇ ಕಿತ್ತುಕೊಂಡಿತು. ಕವಿ ಡಬ್ಲ್ಯು. ಎಚ್. ಆಡೆನ್ ಅವರನ್ನು ಮದುವೆಯಾಗಿ ಅವರು ಬ್ರಿಟಿಷ್ ಪ್ರಜೆಯಾದರು. ಹಾಲೆಂಡ್, ಚೆಕೊಸ್ಲೊವಾಕಿಯಾ ಮುಂತಾದ ಕಡೆಗಳಲ್ಲೂ ಸೇರಿ ತಂಡ ಸಾವಿರಕ್ಕೂ ಹೆಚ್ಚು ಪ್ರದರ್ಶನ ನೀಡಿತು. 1937ರ ಜನವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಇಂಗ್ಲಿಷಿನಲ್ಲಿ ಆಡಿದಾಗ ಮಾತ್ರ ಅದು ಜನರನ್ನು ಮುಟ್ಟಲಿಲ್ಲ. ಬೇರೆ ಭಾಷೆಗೆ, ಬೇರೆ ಊರಿಗೆ ಬಂದಾಗ ಮೆಣಸಿನ ಖಾರ ಹೋಗಿತ್ತು. ಅಲ್ಲಿಗೆ ಗಿರಣಿ ನಿಂತಿತು.

ಇದನ್ನೆಲ್ಲ ಓದುವಾಗ ನನ್ನೊಳಗೆ ಒಂದು ಪ್ರಶ್ನೆ ಎದ್ದಿತು. ಒಂದು ಜನ ಇನ್ನೊಂದು ಜನವನ್ನು ಅಪಹಾಸ್ಯ ಮಾಡಬಾರದೆಂದು ಸೂರಃ ಅಲ್ ಹುಜುರಾತ್ ನಮಗೆ ಕಲಿಸುತ್ತದೆ. ಹಾಗಾದರೆ ಎರಿಕಾ ಮಾಡಿದ್ದು ತಪ್ಪೇ? ನನಗೆ ಹಾಗೆ ಅನಿಸುವುದಿಲ್ಲ. ಅಪಹಾಸ್ಯದ ನೋವು ಏನೆಂದು ನನಗೆ ಗೊತ್ತು. ಹೈಸ್ಕೂಲಿನಲ್ಲಿದ್ದಾಗ ಒಂದು ಸಮಾರಂಭದ ನಾಟಕದಲ್ಲಿ ಟೋಪಿ ಹಾಕಿದ ಪಾತ್ರವೊಂದು ತಪ್ಪು ತಪ್ಪು ಕನ್ನಡ ಮಾತಾಡಿತು. ಸಭೆಯೆಲ್ಲ ನಕ್ಕಿತು. ಮನೆಯಲ್ಲಿ ಬ್ಯಾರಿ ಮಾತಾಡುವ ನನಗೆ, ನನ್ನ ಉಪ್ಪನ ಕನ್ನಡವನ್ನು ಕೇಳಿಯೇ ಅವರು ನಕ್ಕಂತಾಯಿತು. ಆ ನಗುವಿಗೆ ಧೈರ್ಯವೇನೂ ಬೇಕಿರಲಿಲ್ಲ. ತಿರುಗಿ ಮಾತಾಡುವವರು ಅಲ್ಲಿ ಯಾರೂ ಇರಲಿಲ್ಲ.

ಎರಿಕಾ ನಕ್ಕಿದ್ದು ತನ್ನನ್ನು ಜೈಲಿಗೆ ಹಾಕಬಲ್ಲವರನ್ನು ನೋಡಿ. ಅವರು ಗೇಲಿ ಮಾಡಿದ್ದು ಯಾರದೋ ಭಾಷೆಯನ್ನೋ ಬಣ್ಣವನ್ನೋ ಅಲ್ಲ, ಸುಳ್ಳನ್ನು. ಸುಮ್ಮನಿದ್ದವರನ್ನೂ ಅವರು ಬಿಡಲಿಲ್ಲ. ಊರಲ್ಲಿ ಏನಾದರೂ ಆಗಲಿ, ತನಗೇನು ಎಂದುಕೊಳ್ಳುವ ಅಂಗಡಿಯ ಹೆಂಗಸಿನ ಪಾತ್ರವೂ ಅವರಲ್ಲಿತ್ತು. ಆ ಕಥೆ ಹೋಗಿ ಮುಟ್ಟುವುದು ಯುದ್ಧಕ್ಕೆ.

ಈ ವರ್ಷವೂ ನಮ್ಮ ಕಾಲೇಜು ವಾರ್ಷಿಕೋತ್ಸವಕ್ಕೆ ಪ್ರಹಸನ ಬರೆಯುವವರು ಇದ್ದಾರೆ. ಹಳ್ಳಿಯಿಂದ ಬಂದವನ ಉಚ್ಚಾರ, ದಪ್ಪಗಿರುವ ಗೆಳತಿ, ತೊದಲುವ ಸಹಪಾಠಿ ಇವರನ್ನೆಲ್ಲ ಬಿಟ್ಟು ಬರೆಯಲು ಸಾಧ್ಯವೇ ಎಂದು ಅವರಲ್ಲಿ ಕೇಳಿಕೊಳ್ಳುತ್ತೇನೆ. ಸುಳ್ಳು ಸುದ್ದಿ ಫಾರ್ವರ್ಡ್ ಮಾಡುವ ವಾಟ್ಸ್‌ಆ್ಯಪ್ ಪಂಡಿತರಿದ್ದಾರೆ, ವರದಕ್ಷಿಣೆಯನ್ನು ಉಡುಗೊರೆ ಎನ್ನುವ ಮಾವಂದಿರಿದ್ದಾರೆ. ಖಾರಕ್ಕೇನೂ ಕೊರತೆಯಾಗದು.