ಅಂಗಿ ಬದಲಾದ ಮೇಲೆ



ಕೆಲವು ತಿಂಗಳ ಹಿಂದೆ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ. ನಮ್ಮ ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಎದುರಿಗಿರುವ ಮೊಬೈಲ್ ಅಂಗಡಿಯಲ್ಲಿ ಅವನು ಆರು ವರ್ಷಗಳಿಂದ ನಿಂತಿದ್ದಾನೆ. ‘ನಿಂತಿದ್ದಾನೆ’ ಎಂಬ ಮಾತನ್ನು ಅಕ್ಷರಶಃ ತೆಗೆದುಕೊಳ್ಳಬೇಕು. ಬೆಳಗ್ಗೆ ಹತ್ತರಿಂದ ರಾತ್ರಿ ಒಂಬತ್ತರವರೆಗೆ ಅವನು ಕುಳಿತುಕೊಳ್ಳುವುದು ಊಟದ ಹೊತ್ತಿನಲ್ಲಿ ಮಾತ್ರ. ಅಂಗಡಿ ಒಬ್ಬ ಯಜಮಾನರದು, ಆದರೆ ಇವನಿಗೆ ಸಂಬಳ ಕೊಡುವುದು ಒಂದು ಫೋನ್ ಕಂಪನಿ. ಇಂಥವರನ್ನು ಪ್ರಮೋಟರ್ ಎನ್ನುತ್ತಾರೆ. ಒಂದೇ ಅಂಗಡಿಯಲ್ಲಿ ಮೂರು ನಾಲ್ಕು ಕಂಪನಿಗಳ ಪ್ರಮೋಟರುಗಳು ಬೇರೆ ಬೇರೆ ಬಣ್ಣದ ಅಂಗಿ ತೊಟ್ಟು, ಒಳಗೆ ಬಂದ ಗಿರಾಕಿಗೆ ತಮ್ಮ ತಮ್ಮ ಫೋನಿನ ಗುಣಗಾನ ಮಾಡುವುದನ್ನು ನೀವೂ ನೋಡಿರುತ್ತೀರಿ.

“ಸಾರ್, ಪಕ್ಕದ ಕೌಂಟರಿನ ಕಂಪನಿಯವರು ಕರೀತಾ ಇದಾರೆ. ತಿಂಗಳಿಗೆ ನಾಲ್ಕು ಸಾವಿರ ಜಾಸ್ತಿ ಬರಬಹುದು ಅಂತಾರೆ. ಹೋಗಲೋ ಬೇಡವೋ?” ಎಂದು ಕೇಳಿದ. ಇದರಲ್ಲಿ ನನ್ನನ್ನು ಕೇಳುವುದೇನಿದೆ ಎಂದುಕೊಳ್ಳುವಷ್ಟರಲ್ಲಿ ಅವನೇ ಮುಂದುವರಿಸಿದ: “ಇಷ್ಟು ದಿನ ಇದೇ ಒಳ್ಳೇದು ಅಂದ ಬಾಯಲ್ಲಿ ನಾಳೆಯಿಂದ ಅದು ಒಳ್ಳೇದು ಅಂತ ಹೆಂಗೆ ಸಾರ್ ಹೇಳೋದು? ನನ್ನ ಮಾತು ನಂಬಿ ತಗೊಂಡು ಹೋದವರು ಅದೇ ಬೀದೀಲಿ ಸಿಗ್ತಾರಲ್ಲ?”

ಎರಡು ದಿನ ಸಮಯ ಕೊಡು ಎಂದೆ. ಹಾಗೆ ಕೇಳಿದ್ದಕ್ಕೆ ಎರಡು ಕಾರಣಗಳಿದ್ದವು. ಮೊದಲನೆಯದನ್ನು ಕೊನೆಯಲ್ಲಿ ಹೇಳುತ್ತೇನೆ. ಎರಡನೆಯದೆಂದರೆ, ಅಂಗಡಿಯ ಹುಡುಗರಿಗಾಗಿ ಎರಡು ಕಂಪನಿಗಳು ಪೈಪೋಟಿ ನಡೆಸಿದ ದೊಡ್ಡ ಪ್ರಸಂಗವೊಂದನ್ನು ನಾನು ಓದಿದ್ದೆ. ಅದನ್ನು ಇನ್ನೊಮ್ಮೆ ಯೋಚಿಸಬೇಕಿತ್ತು.

ಅದು ಅಮೆರಿಕದ ಕಥೆ. ಆಪಲ್ ಕಂಪನಿ ತನ್ನ ಮೊದಲ ಎರಡು ಅಂಗಡಿಗಳನ್ನು 2001ರ ಮೇ 19ರಂದು ವರ್ಜೀನಿಯಾ ರಾಜ್ಯದ ಟೈಸನ್ಸ್ ಕಾರ್ನರ್ ಮತ್ತು ಕ್ಯಾಲಿಫೋರ್ನಿಯಾದ ಗ್ಲೆಂಡೇಲ್‌ಗಳಲ್ಲಿ ತೆರೆಯಿತು. ಇದು ಕೈಸುಟ್ಟುಕೊಳ್ಳುವ ಕೆಲಸವೆಂದು ಬಲ್ಲವರು ಆಗ ಭವಿಷ್ಯ ನುಡಿದಿದ್ದರು. ಅವರ ಅನುಮಾನಕ್ಕೆ ಆಧಾರವಿಲ್ಲದಿರಲಿಲ್ಲ. ಗೇಟ್‌ವೇ ಎಂಬ ಕಂಪ್ಯೂಟರ್ ಕಂಪನಿಯ ಸ್ವಂತ ಅಂಗಡಿಗಳು ಆಗಲೇ ಏದುಸಿರು ಬಿಡುತ್ತಿದ್ದವು; 2004ರಲ್ಲಿ ಅದು ಉಳಿದಿದ್ದ 188 ಅಂಗಡಿಗಳನ್ನೂ ಮುಚ್ಚಿತು. ಆಪಲ್ ಅಂಗಡಿಗಳು ಮಾತ್ರ ಬೆಳೆದವು. ಅವುಗಳ ಹೊಣೆ ಹೊತ್ತಿದ್ದ ರಾನ್ ಜಾನ್ಸನ್ ಎಂಬಾತ ಟಾರ್ಗೆಟ್ ಎಂಬ ದೊಡ್ಡ ಮಳಿಗೆಯಿಂದ ಬಂದವನು. ಸಾಮಾನನ್ನು ಗಾಜಿನ ಬೀರುವಿನಲ್ಲಿಡದೆ ಮೇಜಿನ ಮೇಲೆ ತೆರೆದಿಟ್ಟು, ಬಂದವರು ಕೈಯಾರೆ ಮುಟ್ಟಿ ನೋಡಲಿ ಎಂದ. ಕೆಟ್ಟದ್ದನ್ನು ತಂದವರಿಗೆ ಎದುರೆದುರು ಕುಳಿತು ವಿವರಿಸಿ ಹೇಳಲು ‘ಜೀನಿಯಸ್ ಬಾರ್’ ಎಂಬ ಕಟ್ಟೆಯನ್ನು ಇರಿಸಿದ. ದೊಡ್ಡ ಹೋಟೆಲುಗಳಲ್ಲಿ ಅತಿಥಿಗೆ ಬೇಕುಬೇಡಗಳನ್ನು ವಿಚಾರಿಸುವವನ ಮೇಜೇ ಅದಕ್ಕೆ ಮಾದರಿ.

ಇವೆಲ್ಲಕ್ಕಿಂತ ನನ್ನ ಗಮನ ಸೆಳೆದದ್ದು ಒಂದು ನಿಯಮ. ಆ ಅಂಗಡಿಗಳಲ್ಲಿ ಕೆಲಸ ಮಾಡುವವರಿಗೆ ಮಾರಾಟದ ಮೇಲೆ ಕಮಿಷನ್ ಇರಲಿಲ್ಲ. ಹೆಚ್ಚು ಬೆಲೆಯದನ್ನು ಮಾರಿದರೂ ಕಡಿಮೆ ಬೆಲೆಯದನ್ನು ಮಾರಿದರೂ, ಏನನ್ನೂ ಮಾರದೆ ಬರೀ ಹೇಳಿಕೊಟ್ಟು ಕಳುಹಿಸಿದರೂ ಆ ದಿನದ ಸಂಬಳ ಅಷ್ಟೇ. ಆದ್ದರಿಂದ ‘ಇದು ನಿಮಗೆ ಬೇಡ, ಅದೇ ಸಾಕು’ ಎಂದು ಹೇಳಿದ ಹುಡುಗನಿಗೆ ನಷ್ಟವೇನೂ ಇಲ್ಲ. ಗಿರಾಕಿಗೂ ಅದು ಬೇಗ ತಿಳಿಯುತ್ತದೆ. ಮೂವತ್ತು ವರ್ಷ ಪಾಠ ಹೇಳಿದವನಿಗೆ ಇದರ ಮರ್ಮ ಅರ್ಥವಾಗದೆ ಇರದು. ಮನೆಪಾಠಕ್ಕೆ ಬರುವ ಹುಡುಗನಿಗೆ ‘ನಿನಗೆ ಮನೆಪಾಠ ಬೇಕಿಲ್ಲ’ ಎಂದು ಹೇಳುವುದು ಎಷ್ಟು ಕಷ್ಟವೆಂದು ನಮ್ಮ ವೃತ್ತಿಯವರೆಲ್ಲ ಬಲ್ಲರು.

ಇನ್ನು 2009ರ ಸಂಗತಿ. ಆಗ ಆಪಲ್‌ಗಿಂತ ಬೆಲೆಬಾಳುತ್ತಿದ್ದ ಮೈಕ್ರೋಸಾಫ್ಟ್ ತಾನೂ ಅಂಗಡಿ ತೆರೆಯುವುದೆಂದು ನಿಶ್ಚಯಿಸಿತು. ಆ ವರ್ಷದ ಫೆಬ್ರವರಿಯಲ್ಲಿ, ವಾಲ್‌ಮಾರ್ಟ್‌ನಲ್ಲಿ ಬಹುಕಾಲ ದುಡಿದಿದ್ದ ಡೇವಿಡ್ ಪೋರ್ಟರ್ ಅವರನ್ನು ಈ ಕಾರ್ಯಕ್ಕೆ ನೇಮಿಸಿತು. ಆಪಲ್ ಅಂಗಡಿಗಳಿಗೆ ಜಾಗ ಹುಡುಕಿ ಕೊಡುತ್ತಿದ್ದ ಜಾರ್ಜ್ ಬ್ಲ್ಯಾಂಕೆನ್‌ಶಿಪ್ ಅವರನ್ನು ಸಲಹೆಗಾರರನ್ನಾಗಿ ಕರೆಸಿಕೊಂಡಿತು. ಅಷ್ಟಕ್ಕೇ ನಿಲ್ಲದೆ ಆಪಲ್ ಅಂಗಡಿಗಳ ವ್ಯವಸ್ಥಾಪಕರನ್ನು ಸಂಪರ್ಕಿಸಿ, ಹೆಚ್ಚಿನ ಸಂಬಳವನ್ನೂ ಊರು ಬದಲಿಸುವ ಖರ್ಚನ್ನೂ ಕೊಡುವುದಾಗಿ ಹೇಳುತ್ತಿದೆಯೆಂದು ಪತ್ರಿಕೆಗಳು ವರದಿ ಮಾಡಿದವು. ಹೀಗೆ ಹೋದ ವ್ಯವಸ್ಥಾಪಕರು ತಮ್ಮ ಕೈಕೆಳಗಿದ್ದ ಜಾಣ ಹುಡುಗ ಹುಡುಗಿಯರನ್ನೂ ಕರೆಯತೊಡಗಿದರೆಂದು ಅದೇ ವರದಿಗಳು ಹೇಳಿದವು. ಅಕ್ಟೋಬರ್ 22ರಂದು, ವಿಂಡೋಸ್ 7 ಬಿಡುಗಡೆಯಾದ ದಿನವೇ, ಅರಿಜೋನಾ ರಾಜ್ಯದ ಸ್ಕಾಟ್ಸ್‌ಡೇಲ್‌ನಲ್ಲಿ ಮೊದಲ ಅಂಗಡಿ ತೆರೆಯಿತು. ಅಲ್ಲೂ ಮರದ ಮೇಜುಗಳು, ಬಣ್ಣದ ಅಂಗಿಗಳು, ಪ್ರಶ್ನೆಗೆ ಉತ್ತರ ಹೇಳುವ ಕಟ್ಟೆ.

ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಿತು ಎಂದು ಹಲವರು ನಕ್ಕರು. ನನಗೆ ನಗು ಬರಲಿಲ್ಲ. ಮೇಜನ್ನು ಬಡಗಿಯಿಂದ ಮಾಡಿಸಬಹುದು, ಗಾಜನ್ನು ಕಾರ್ಖಾನೆಯಿಂದ ತರಿಸಬಹುದು. ಗಾಬರಿಯಾಗಿ ಬಂದ ಮುದುಕರ ಮುಂದೆ ತಾಳ್ಮೆಯಿಂದ ಅದೇ ಮಾತನ್ನು ನಾಲ್ಕನೆಯ ಸಲ ಹೇಳಬಲ್ಲ ಇಪ್ಪತ್ತೆರಡರ ಹುಡುಗನನ್ನು ಎಲ್ಲಿಂದ ತರಿಸುವುದು? ಜಗತ್ತಿನ ಅತಿ ದೊಡ್ಡ ತಂತ್ರಜ್ಞಾನ ಸಂಸ್ಥೆಯೊಂದಕ್ಕೂ ಅಂಥವನು ಸುಲಭವಾಗಿ ಸಿಗುವುದಿಲ್ಲವೆಂದು ಒಪ್ಪಿಕೊಂಡಂತಾಯಿತಲ್ಲ!

ಇದರ ಜೊತೆಗೆ ಇನ್ನೊಂದು ಸಂಗತಿಯನ್ನು ಇಟ್ಟು ನೋಡಬೇಕು. ಅದೇ ಕಾಲದಲ್ಲಿ ಆಪಲ್, ಗೂಗಲ್, ಇಂಟೆಲ್, ಅಡೋಬಿಗಳಂಥ ಸಂಸ್ಥೆಗಳು ‘ನಿಮ್ಮ ಎಂಜಿನಿಯರನ್ನು ನಾವು ಕರೆಯುವುದಿಲ್ಲ, ನಮ್ಮವರನ್ನು ನೀವು ಕರೆಯಬೇಡಿ’ ಎಂದು ತಮ್ಮತಮ್ಮೊಳಗೆ ಗುಟ್ಟಾಗಿ ಮಾತು ಮಾಡಿಕೊಂಡಿದ್ದವು. 2010ರಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆ ಇದನ್ನು ಬಯಲಿಗೆಳೆಯಿತು. ಬಳಿಕ ಸುಮಾರು 64,000 ಉದ್ಯೋಗಿಗಳ ಪರವಾಗಿ ನಡೆದ ಮೊಕದ್ದಮೆಯಲ್ಲಿ ಈ ನಾಲ್ಕು ಸಂಸ್ಥೆಗಳು 41.5 ಕೋಟಿ ಡಾಲರ್ ಕೊಡಲು ಒಪ್ಪಿದವು. 2015ರಲ್ಲಿ ನ್ಯಾಯಾಲಯ ಅದನ್ನು ಅಂಗೀಕರಿಸಿತು. ಪಕ್ಕದವನು ಕರೆಯದಿದ್ದರೆ ದುಡಿಯುವವನಿಗೆ ತನ್ನ ಬೆಲೆ ತಿಳಿಯುವುದೇ ಇಲ್ಲ ಎಂಬುದೇ ಆ ಮೊಕದ್ದಮೆಯ ತಿರುಳು. ಆದ್ದರಿಂದ ಕರೆ ಬಂದದ್ದು ತಪ್ಪಲ್ಲ, ಕರೆಗೆ ಓಗೊಡುವುದು ದ್ರೋಹವೂ ಅಲ್ಲ. ಒಂದೇ ಯಜಮಾನನಲ್ಲಿ ಕೊನೆಯವರೆಗೆ ದುಡಿಯುವುದೇ ನಿಷ್ಠೆ ಎಂದು ನಂಬಿದ್ದ ನನ್ನಂಥವರ ಪೀಳಿಗೆಗೆ ಇದನ್ನು ಒಪ್ಪಿಕೊಳ್ಳಲು ಕೊಂಚ ಕಾಲ ಬೇಕಾಯಿತು.

ಆದರೆ ಕರೆದು ತಂದ ಮಾತ್ರಕ್ಕೆ ಎಲ್ಲವೂ ಬರುತ್ತದೆಯೇ? ಮೈಕ್ರೋಸಾಫ್ಟ್ ಎಂಬತ್ತಕ್ಕೂ ಹೆಚ್ಚು ಅಂಗಡಿಗಳನ್ನು ತೆರೆಯಿತು. ಕೊರೋನಾ ಕಾಲದಲ್ಲಿ ಬಾಗಿಲು ಹಾಕಿದ್ದ ಅವುಗಳನ್ನು ಮತ್ತೆ ಅಂಗಡಿಗಳಾಗಿ ತೆರೆಯುವುದಿಲ್ಲವೆಂದು 2020ರ ಜೂನ್‌ನಲ್ಲಿ ಘೋಷಿಸಿತು; ನ್ಯೂಯಾರ್ಕ್, ಲಂಡನ್, ಸಿಡ್ನಿ ಮತ್ತು ತನ್ನ ತವರಾದ ರೆಡ್‌ಮಂಡ್‌ಗಳಲ್ಲಿ ಮಾತ್ರ ಪ್ರದರ್ಶನ ಕೇಂದ್ರಗಳು ಉಳಿಯುವುದೆಂದಿತು. ಅಂಗಡಿಯ ಸಿಬ್ಬಂದಿ ದೂರದಿಂದಲೇ ಗ್ರಾಹಕರಿಗೆ ನೆರವಾಗುವರೆಂದು ತಿಳಿಸಿತು. ಇತ್ತ ರಾನ್ ಜಾನ್ಸನ್ 2011ರಲ್ಲಿ ಆಪಲ್ ಬಿಟ್ಟು ಜೆ.ಸಿ. ಪೆನ್ನಿ ಎಂಬ ಹಳೆಯ ಮಳಿಗೆಯ ಮುಖ್ಯಸ್ಥನಾದ. ಆಪಲ್‌ನಲ್ಲಿ ಫಲಿಸಿದ್ದು ಅಲ್ಲಿ ಫಲಿಸಲಿಲ್ಲ. 2012ರಲ್ಲಿ ಅದರ ಮಾರಾಟ ಸುಮಾರು ಶೇ. 25ರಷ್ಟು ಕುಸಿಯಿತು, 2013ರ ಏಪ್ರಿಲ್‌ನಲ್ಲಿ ಅವನನ್ನು ಹೊರಕಳುಹಿಸಿದರು. ಅವನ ಸ್ಥಾನಕ್ಕೆ ಬ್ರಿಟನ್ನಿನ ಡಿಕ್ಸನ್ಸ್‌ನಿಂದ ಆಪಲ್ ಕರೆತಂದ ಜಾನ್ ಬ್ರೊವೆಟ್ ಸಿಬ್ಬಂದಿಯ ಕೆಲಸದ ಗಂಟೆಗಳನ್ನು ಕತ್ತರಿಸಹೋಗಿ, ಅದು ತಪ್ಪಾಯಿತೆಂದು ಕಂಪನಿಯೇ ಹೇಳಬೇಕಾಗಿ ಬಂತು. ಅವನೂ 2012 ಮುಗಿಯುವುದರೊಳಗೆ ನಿರ್ಗಮಿಸಬೇಕಾಯಿತು.

ಆಪಲ್‌ನ ಮೇಜಿನ ಹಿಂದೆಯೂ ಎಲ್ಲವೂ ಸೊಗಸಾಗಿರಲಿಲ್ಲ. 2012ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಲೆಕ್ಕ ಹಾಕಿ ತೋರಿಸಿದಂತೆ, ಹಿಂದಿನ ವರ್ಷ ಆ ಅಂಗಡಿಗಳ ಒಬ್ಬೊಬ್ಬ ನೌಕರನ ತಲೆಗೆ ಬಂದ ವ್ಯಾಪಾರ 4,73,000 ಡಾಲರ್. ಅವರಲ್ಲಿ ಅನೇಕರ ವಾರ್ಷಿಕ ಸಂಬಳ ಮಾತ್ರ ಸುಮಾರು 25,000 ಡಾಲರ್. ಕಮಿಷನ್ ಇಲ್ಲದಿರುವುದು ಗಿರಾಕಿಯ ನಂಬಿಕೆಯನ್ನು ಕಾಯುತ್ತದೆ, ನಿಜ. ಆ ನಂಬಿಕೆಯಿಂದ ಬಂದ ಲಾಭ ನಂಬಿಕೆ ಗಳಿಸಿದವನ ಕೈಗೆ ಬರದೆ ಹೋಗುವುದೂ ಅಷ್ಟೇ ನಿಜ. 2022ರ ಜೂನ್‌ನಲ್ಲಿ ಮೇರಿಲ್ಯಾಂಡ್ ರಾಜ್ಯದ ಟೌಸನ್ ಅಂಗಡಿಯವರು ಮತ ಹಾಕಿ ಸಂಘ ಕಟ್ಟಿಕೊಂಡರು. ಅಮೆರಿಕದ ಆಪಲ್ ಅಂಗಡಿಗಳಲ್ಲಿ ಅದೇ ಮೊದಲನೆಯದು. ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಕಂಪನಿ ಆರಂಭಿಕ ಸಂಬಳವನ್ನು ಗಂಟೆಗೆ 22 ಡಾಲರಿಗೆ ಏರಿಸಿತ್ತು.

ಈಗ ಆ ಮೇಜುಗಳು ನಮ್ಮಲ್ಲಿಗೂ ಬಂದಿವೆ. 2023ರ ಏಪ್ರಿಲ್‌ನಲ್ಲಿ ಮುಂಬಯಿ ಮತ್ತು ದೆಹಲಿಗಳಲ್ಲಿ, 2025ರ ಸೆಪ್ಟೆಂಬರ್ 2ರಂದು ಬೆಂಗಳೂರಿನ ಹೆಬ್ಬಾಳದಲ್ಲಿ ಆಪಲ್ ತನ್ನ ಅಂಗಡಿಗಳನ್ನು ತೆರೆಯಿತು. ತಾಲ್ಲೂಕು ಕೇಂದ್ರದ ನನ್ನ ಹುಡುಗನ ಅಂಗಡಿಗೂ ಅದಕ್ಕೂ ಅಜಗಜಾಂತರ. ಆದರೂ ನಿಂತು ಹೇಳಿಕೊಡುವ ಕೆಲಸ ಎರಡು ಕಡೆಯೂ ಒಂದೇ.

ಮರುದಿನ ನಾನು ಅವನಿಗೆ ಹೇಳದೆ ಆ ಅಂಗಡಿಗೆ ಹೋದೆ. ಹಳ್ಳಿಯಿಂದ ಬಂದ ಹೆಂಗಸೊಬ್ಬರು ತಮ್ಮ ಫೋನನ್ನು ಸೆರಗಿನಲ್ಲಿ ಸುತ್ತಿ ತಂದಿದ್ದರು. ದುಬೈಯಲ್ಲಿರುವ ಮಗನ ಮುಖ ಎರಡು ವಾರದಿಂದ ಕಾಣುತ್ತಿಲ್ಲವಂತೆ. ಅದು ಇವನ ಕಂಪನಿಯ ಫೋನೂ ಆಗಿರಲಿಲ್ಲ. ಅವನು ಏನೋ ಒತ್ತಿ ಸರಿಪಡಿಸಿ, ಸುಮ್ಮನೆ ಕೊಟ್ಟು ಕಳುಹಿಸಬಹುದಿತ್ತು. ಹಾಗೆ ಮಾಡದೆ ಆಕೆಯ ಬೆರಳನ್ನೇ ಹಿಡಿದು, ಎಲ್ಲಿ ಒತ್ತಬೇಕು, ಯಾವ ಬಣ್ಣದ ಗುರುತು ನೋಡಬೇಕು ಎಂದು ಮೂರು ಸಲ ಅವರಿಂದಲೇ ಮಾಡಿಸಿದ. ಮೂರನೆಯ ಸಲ ಆಕೆ ತಾನಾಗಿಯೇ ಮಾಡಿದಾಗ “ಅಷ್ಟೇ ಕಣಮ್ಮ, ಬಂತಲ್ಲ” ಎಂದ. ತರಗತಿಯಲ್ಲಿ ನಾನು ಎಷ್ಟು ಸಲ ಅಷ್ಟು ಚೆನ್ನಾಗಿ ಪಾಠ ಮಾಡಿದ್ದೇನೋ ತಿಳಿಯದು.

ಆ ಸಂಜೆ ಅವನಿಗೆ ನನ್ನ ಅಭಿಪ್ರಾಯ ಹೇಳಿದೆ. “ನೋಡಪ್ಪ, ಅವರು ಕರೆಯುತ್ತಿರುವುದು ನಿನ್ನ ಮೇಲೆ ಈ ಊರಿನವರಿಗಿರುವ ನಂಬಿಕೆಯನ್ನು. ಅದನ್ನು ನೀನು ಈ ಕಂಪನಿಯಿಂದ ಪಡೆದದ್ದಲ್ಲ, ಹೋಗುವಾಗ ಕೊಂಡೊಯ್ಯಲು ಅಡ್ಡಿಯಿಲ್ಲ. ಆದರೆ ಆ ನಾಲ್ಕು ಸಾವಿರ ನಿಂತ ಸಂಬಳವೋ, ಮಾರಿದ ಫೋನಿನ ಲೆಕ್ಕದ ಮೇಲೆ ಬರುವುದೋ ಕೇಳಿ ತಿಳಿದುಕೊ. ಬೇಡದವರಿಗೆ ಬೇಡ ಎಂದು ಹೇಳುವುದಕ್ಕೆ ಎಡೆಯಿಲ್ಲದ ಸಂಬಳವಾದರೆ ಆರು ವರ್ಷದ ಗಳಿಕೆ ಆರು ತಿಂಗಳಲ್ಲಿ ಕರಗಿಹೋದೀತು.” ಅವನು ವಿಚಾರಿಸಿದ. ಪೂರ್ತಿ ನಾಲ್ಕು ಸಾವಿರವೂ ಲೆಕ್ಕದ ಮೇಲಿನದೇ ಆಗಿತ್ತು. ಅದರಲ್ಲಿ ಅರ್ಧವನ್ನಾದರೂ ಸಂಬಳಕ್ಕೆ ಸೇರಿಸಿ ಬರೆದುಕೊಡಿ ಎಂದು ಪಟ್ಟು ಹಿಡಿದ. ಹದಿನೈದು ದಿನ ಅವರು ಮಾತಾಡಲಿಲ್ಲ, ಆಮೇಲೆ ಒಪ್ಪಿದರು. ಇವನು ಹೋದ.

ಹೋದ ಎಂದರೆ ನಾಲ್ಕು ಅಡಿ ಆಚೆಗೆ. ಅದೇ ಅಂಗಡಿ, ಅದೇ ಯಜಮಾನರು, ಪಕ್ಕದ ಕೌಂಟರು, ಬೇರೆ ಬಣ್ಣದ ಅಂಗಿ. ಹಳೆಯ ಗಿರಾಕಿಗಳು ಮೊದಲ ವಾರ ಅಂಗಿ ನೋಡಿ ನಕ್ಕರಂತೆ, ಎರಡನೆಯ ವಾರ ಅಂಗಿಯನ್ನೇ ನೋಡಲಿಲ್ಲವಂತೆ. ಒಬ್ಬ ಅಜ್ಜ ಹೊಸ ಫೋನು ಕೇಳಿಕೊಂಡು ಬಂದಾಗ “ನಿಮ್ಮ ಹಳೇದೇ ಇನ್ನೊಂದು ವರ್ಷ ಬರುತ್ತೆ ತಾತ” ಎಂದು ಕಳುಹಿಸಿದನೆಂದೂ, ಆ ತಿಂಗಳು ಲೆಕ್ಕದ ಮೇಲಿನ ಹಣ ಪೂರ್ತಿ ಸಿಗಲಿಲ್ಲವೆಂದೂ ತಿಳಿಸಿದ. ಅವನ ದನಿಯಲ್ಲಿ ದುಗುಡ ಕೇಳಿಸಲಿಲ್ಲ. ಮುಂದೆ ಮನೆಯ ಖರ್ಚು ಬೆಳೆದಾಗಲೂ ಹೀಗೆಯೇ ಹೇಳಬಲ್ಲನೇ ಎಂಬ ಚಿಂತೆ ನನಗಿದೆ, ಅವನಿಗೂ ಇರಬೇಕು.

ಮೊದಲನೆಯ ಕಾರಣವನ್ನು ಕೊನೆಗೆ ಹೇಳುವೆನೆಂದಿದ್ದೆ. ಇವನು ಒಂಬತ್ತನೆಯ ತರಗತಿಯಲ್ಲಿದ್ದಾಗ, ಬೀಜಗಣಿತದ ಲೆಕ್ಕವೊಂದು ತಪ್ಪಿದ್ದಕ್ಕೆ, “ನೀನು ಅಂಗಡಿಯಲ್ಲಿ ನಿಂತು ಪೊಟ್ಟಣ ಕಟ್ಟುವುದಕ್ಕೇ ಲಾಯಕ್ಕು” ಎಂದು ಇಡೀ ತರಗತಿಯ ಎದುರು ಹೇಳಿದವನು ನಾನೇ. ಎಲ್ಲರೂ ನಕ್ಕಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ಫೋನ್ ಮಾಡಿದಾಗಲೆಲ್ಲ ಆ ಮಾತು ನನ್ನ ಗಂಟಲಿನಲ್ಲಿ ಬಂದು ನಿಲ್ಲುತ್ತಿತ್ತು. ಹೋದ ವಾರ ಧೈರ್ಯಮಾಡಿ ಕೇಳಿದೆ, ನೆನಪಿದೆಯೇನೋ ಎಂದು.

“ನೆನಪಿದೆ ಸಾರ್,” ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಗಿರಾಕಿ ಬಂದ್ರು, ಆಮೇಲೆ ಮಾಡ್ತೀನಿ” ಎಂದು ಫೋನ್ ಇಟ್ಟ. ಆ ರಾತ್ರಿಯೇ ಮತ್ತೆ ಮಾಡಿದ. ಆದರೆ ಆ ವಿಷಯ ಎತ್ತಲಿಲ್ಲ. ನಾನು ಕ್ಷಮೆ ಕೇಳಿದೆ. ಅಂಥದೇ ಮಾತನ್ನು ನನ್ನ ಬಾಯಿಂದ ಕೇಳಿಸಿಕೊಂಡವರು ನಿಮ್ಮಲ್ಲಿ ಇನ್ನೂ ಯಾರಾದರೂ ಇದ್ದರೆ, ನಿಮ್ಮಲ್ಲಿಯೂ ಈ ಮೂಲಕ ಕೇಳುತ್ತಿದ್ದೇನೆ.