ಊರಿನ ಜೋಳ, ಹಳೆಯ ಯಂತ್ರ

ಭೋಸರಿಯ ನಮ್ಮ ಕಚೇರಿಯ ದಾಸ್ತಾನು ಲೆಕ್ಕವೆಲ್ಲ ಇಂದಿಗೂ ಸೋಲಾರಿಸ್ 10 ನಡೆಸುವ ಸ್ಪಾರ್ಕ್ ಯಂತ್ರವೊಂದರಲ್ಲಿದೆ. ಯುನಿಕ್ಸ್ ಮನೆತನದ ಆ ವ್ಯವಸ್ಥೆ ಹೊರಬಂದದ್ದು 2005ರಲ್ಲಿ. ಲೆಕ್ಕದ ಪ್ರೋಗ್ರಾಮಿನಲ್ಲಿ ಒಂದು ಸಾಲು ತಿದ್ದಿದರೂ ಮರಳಿ ಕಂಪೈಲ್ ಮಾಡಬೇಕು. ಆ ಮುದಿ ಡಿಸ್ಕಿನ ಮೇಲೆ ಅಷ್ಟು ಭಾರ ಹೊರಿಸಲು ನಮಗೆ ಧೈರ್ಯವಿಲ್ಲ. ಆದುದರಿಂದ ಲಿನಕ್ಸ್ ಯಂತ್ರದಲ್ಲಿಯೇ ಅದಕ್ಕೊಂದು ಜಿಸಿಸಿ ಕಟ್ಟಲು ಕುಳಿತೆವು.

ಹತ್ತನೆಯ ಆವೃತ್ತಿಯಿಂದ ಜಿಸಿಸಿ ಸೋಲಾರಿಸ್ 10ರ ಕೈಬಿಟ್ಟಿದೆ. ಒಂಬತ್ತನೆಯದು ಒಪ್ಪುತ್ತದೆ, ಆದರೆ 'ಎನೇಬಲ್ ಆಬ್ಸೊಲೀಟ್' ಎಂದು ಬರೆದುಕೊಟ್ಟ ಮೇಲೆ! ಇಂಗ್ಲಿಷ್ ಎಂ.ಎ. ಮಾಡಿದ ನಮಗೆ ಅದು ಮುಪ್ಪಿನ ಪ್ರಮಾಣಪತ್ರದಂತೆಯೇ ಕಂಡಿತು. ಗುರಿಯ ಹೆಸರು 'ಸ್ಪಾರ್ಕ್-ಸನ್-ಸೋಲಾರಿಸ್2.10'. ಸನ್ ಕಂಪನಿಯನ್ನು ಒರಾಕಲ್ 2010ರಲ್ಲಿಯೇ ಕೊಂಡಿತು. ವಿಳಾಸದಲ್ಲಿ ಮಾತ್ರ ಹಳೆಯ ಹೆಸರು ಉಳಿದಿದೆ.

ಹೆಸರು ಹೇಳಿದ ಮಾತ್ರಕ್ಕೆ ಕೆಲಸವಾಗದು. ಮೊದಲು ಅದೇ ಗುರಿಗೆ ಬಿನ್‌ಯುಟಿಲ್ಸ್ ಕಟ್ಟಬೇಕು. ಬಳಿಕ ಹಳೆಯ ಯಂತ್ರದ ಹೆಡರ್ ಕಡತಗಳನ್ನೂ ಲೈಬ್ರರಿಗಳನ್ನೂ ತಂದು 'ಸಿಸ್‌ರೂಟ್' ಎಂದು ತೋರಿಸಬೇಕು. ವಿಜಯಪುರ, ಕಲಬುರಗಿಯ ಕಡೆಯಿಂದ ಇಲ್ಲಿಯ ಕಾರ್ಖಾನೆಗಳಿಗೆ ಬಂದ ನಮ್ಮವರು ರೊಟ್ಟಿಗೆ ಊರಿನ ಜೋಳವನ್ನೇ ತರಿಸುತ್ತಾರಲ್ಲ, ಹಾಗೆ. ಲಿನಕ್ಸಿನ ಹೆಡರ್ ಇಲ್ಲಿ ನಡೆಯದು.

ಸಿದ್ಧವಾದ ಪ್ರೋಗ್ರಾಂ ತಾನು ಹುಟ್ಟಿದ ಲಿನಕ್ಸಿನಲ್ಲಿ ಓಡುವುದಿಲ್ಲ. ಹಳೆಯ ಯಂತ್ರಕ್ಕೆ ಕಳುಹಿಸಿದೆವು. ಓಡಿತು, ಲೆಕ್ಕವೂ ತಾಳೆಯಾಯಿತು.